ಬಾಗಿಲು ದಾಟಿದ ಹುಡುಗಿಗೆ ಕಟ್ಟಿದ ಮುಡಿಪು

ನಾನು ದಾವಣಗೆರೆಗೆ ಬಂದ ವಾರದಲ್ಲೇ ಇಲ್ಲೊಬ್ಬ ಹುಡುಗಿ ಕಾಣೆಯಾದ ಸುದ್ದಿ ಕಿವಿಗೆ ಬಿತ್ತು. ಕಾಣೆಯಾದಳೆಂದೇ ನಾನು ತಿಳಿದೆ.

ಸರಸ್ವತಿ ನಗರದಲ್ಲಿ ನನ್ನ ಮಗಳು ಗಿರಿಜಳ ಮನೆಯ ಟೆರೇಸ್ ಮೇಲೆ ಹಪ್ಪಳ ಮಾಡುತ್ತಿದ್ದೆವು. ನಮ್ಮ ಮಾಳಿಗೆಗೇ ಇಲ್ಲಿ ಟೆರೇಸ್ ಎನ್ನುತ್ತಾರೆ. ಗಿರಿಜಾ, ಎದುರು ಮನೆಯ ಪಾರ್ವತಕ್ಕ, ಇಂಗ್ಲಿಷ್ ಪಾಠ ಹೇಳಿ ನಿವೃತ್ತರಾದ ಪಕ್ಕದ ಮನೆಯ ರತ್ನಾ ಟೀಚರ್, ಮೂವರೂ ಲಟ್ಟಿಸುತ್ತಿದ್ದರು. ಗಿರಿಜಳ ಮಗಳು ರಶ್ಮಿ ಚೊಚ್ಚಲ ಬಸುರಿ. ಹೆರಿಗೆಗೆಂದು ತವರಿಗೆ ಬಂದವಳು ಗೋಡೆಗೆ ಒರಗಿ ಕೂತಿದ್ದಳು. ನಾನು ಸಂಕೋಚಕ್ಕೆ ನೀರಿನ ಟ್ಯಾಂಕಿನ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ, ಉಂಡೆ ಕಟ್ಟಿ ಕೊಡುತ್ತಿದ್ದೆ.

"ಆಕೆ ಹೋಗಿ ಎಷ್ಟು ತಿಂಗಳಾತು?" ಎಂದರು ಪಾರ್ವತಕ್ಕ.

"ಮೂರು. ಎಲ್ಲಿದಾಳೆ ಅಂತ ಮನೆಯೋರಿಗೆ ಗೊತ್ತೇ ಇಲ್ಲ," ಎಂದಳು ರಶ್ಮಿ.

"ಆ ದೊಡ್ಡ ಮನುಷ್ಯ ಮನೇಲಿಟ್ಕೊಂಡಾನಲ್ಲ, ಮದುವಿ ಆಗ್ತಾನೋ, ಸುಮ್ಮನ ಇಟ್ಕೊಂಡಾನೋ?"

"ಆಗ್ತಾನ್ರಿ," ಎಂದಳು ರಶ್ಮಿ. "ಅವಳು ವಾಪಸ್ ಬರಬಾರದು. ಅಲ್ಲೇ ಇದ್ದುಬಿಡಬೇಕು."

"ಬರಲೇಬೇಕು," ಎಂದರು ಟೀಚರ್, ಲಟ್ಟಣಿಗೆ ನಿಲ್ಲಿಸದೆ. "ಹೆತ್ತೋರು ಏನಾಗಬೇಕು?"

ನನ್ನ ಕೈಯ ಹಿಟ್ಟು ಕೈಯಲ್ಲೇ ಉಳಿಯಿತು. ನಮ್ಮೂರಲ್ಲಿ ದೀಪ ಹಚ್ಚುವ ಹೊತ್ತಿಗೆ ಒಬ್ಬ ಹುಡುಗಿ ಮನೆ ಸೇರದಿದ್ದರೆ ಗಂಡಸರು ಮೊದಲು ಬಾವಿಗಳಿಗೆ ಇಣುಕಿ ನೋಡುತ್ತಾರೆ. ಹೆಂಗಸರು ಒಲೆ ಹಚ್ಚುವುದಿಲ್ಲ. ಇಲ್ಲಿ ಹುಡುಗಿಯೊಬ್ಬಳು ಮೂರು ತಿಂಗಳಿಂದ ಇಲ್ಲ, ಇವರು ಹಪ್ಪಳ ತೆಳ್ಳಗಾಯಿತೋ ದಪ್ಪಗಾಯಿತೋ ನೋಡುತ್ತಿದ್ದಾರೆ. ಎಂಥ ಊರಿಗೆ ಬಂದೆನಪ್ಪಾ ಎಂದುಕೊಂಡೆ. ಯಾರನ್ನೂ ಕೇಳುವ ಧೈರ್ಯವಾಗಲಿಲ್ಲ. ಅವತ್ತು ಸಂಜೆ ಅರಿಸಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ, "ಹರಿಹರೇಶ್ವರಾ, ಆ ಹುಡುಗಿ ಮನೆಗೆ ಬರಲಿ, ಈ ಮುಡಿಪು ತಂದು ಒಪ್ಪಿಸುತ್ತೇನೆ" ಎಂದು ಹೇಳಿಕೊಂಡು ದೇವರ ಮೂಲೆಯಲ್ಲಿಟ್ಟೆ.

ಎರಡು ದಿನ ಅನ್ನ ಸೇರಲಿಲ್ಲ. ಕೊನೆಗೆ ಗಿರಿಜಳನ್ನು ಕೇಳಿದೆ, ಪೊಲೀಸರಿಗಾದರೂ ಹೇಳಿದ್ದಾರೇನು ಎಂದು. ಯಾರ ವಿಷಯವೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಡುಗೆಮನೆಯಲ್ಲೇ ಕೂತು ನಕ್ಕಳು. ರಶ್ಮಿ ಬಂದು ನನ್ನ ಹೆಗಲ ಮೇಲೆ ಕೈ ಹಾಕಿ, "ಅಜ್ಜಿ, ಅದು ಪುಸ್ತಕ. ಆ ಹುಡುಗಿ ಇಲ್ಲವೇ ಇಲ್ಲ," ಎಂದಳು.

ಕಡರನಾಯಕನಹಳ್ಳಿಯಲ್ಲಿ ಕೂತು ಇದನ್ನು ಓದುತ್ತಿರುವ ಮಕ್ಕಳೇ, ನೀವೂ ನಗುತ್ತೀರೆಂದು ಗೊತ್ತು. ನೀವು ನನ್ನ ಮೈದುನನ ಮೊಮ್ಮಕ್ಕಳಾದರೂ ಒಂದೇ ಅಂಗಳದಲ್ಲಿ ಆಡಿ ನನ್ನನ್ನೂ ಅಜ್ಜಿ ಎಂದವರು. ನನ್ನ ಯಜಮಾನರು, ಅಂದರೆ ನಿಮ್ಮ ದೊಡ್ಡಜ್ಜ, ತೀರಿಕೊಂಡು ವರ್ಷದ ಕಾರ್ಯ ಮುಗಿದ ಮೇಲೆ ನಮ್ಮ ಪಾಲಿನ ಅರ್ಧ ಮನೆಗೆ ಬೀಗ ಹಾಕಿ ಬಂದೆ. ದಾವಣಗೆರೆ ಹೆಂಗೈತೆ, ಬರಿ ಅಜ್ಜಿ, ಎಂದು ನೀವೇ ಕೇಳಿದಿರಿ. ಹಳ್ಳಿ ಶಾಲೆಯ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಕತ್ತಲೆ ಎಂಬುದು ಪೂರ್ತಿ ಆಗುವುದೇ ಇಲ್ಲ. ಬೀದಿ ದೀಪ ಕಿಟಕಿಯಿಂದ ಬಂದು ಹಾಸಿಗೆಯ ಮೇಲೆ ಬೀಳುತ್ತದೆ. ಊರಲ್ಲಿ ನಾಯಿ ಬೊಗಳಿದರೆ ಯಾರ ಮನೆಯ ಮುಂದೆ, ಯಾರನ್ನು ನೋಡಿ ಎಂದು ಹೇಳಬಲ್ಲೆ. ಇಲ್ಲಿ ಪಕ್ಕದ ಬೀದಿಯಲ್ಲಿ ಒಬ್ಬರು ಸತ್ತದ್ದು ನಮಗೆ ತಿಳಿದದ್ದು ಶಾಮಿಯಾನ ಬಿಚ್ಚುವಾಗ. ಮಗಳ ಮನೆಯ ಅನ್ನ ಉಣ್ಣುವುದೂ ಗಂಟಲಿಗೆ ಹೊಸದು. ಒಬ್ಬಳೇ ದೊಡ್ಡ ರಸ್ತೆ ದಾಟಿ ಮಂಡಕ್ಕಿ ತಂದ ದಿನ ಯಾರಿಗೂ ಹೇಳದೆ ಹಿಗ್ಗಿದೆ.

ಆ ಪುಸ್ತಕದ ಸಂಗತಿ ಹೀಗೆ. ಸುಮಾರು ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ದೊರೆಗೆ ಬುದ್ಧಿಭ್ರಮಣೆಯಾಗಿ ಅವನ ಮಗ ರಾಜ್ಯಭಾರ ನೋಡಿಕೊಂಡನಂತೆ. ಆ ಕೆಲವು ವರ್ಷಗಳನ್ನು ರೀಜೆನ್ಸಿ ಕಾಲ ಎನ್ನುತ್ತಾರೆ. ಮೇಣದಬತ್ತಿಯ ಬೆಳಕು, ನೆಲ ಮುಟ್ಟುವ ಲಂಗ, ಕುದುರೆ ಸಾರೋಟು, ಕೈ ಹಿಡಿಯಲೂ ಅಪ್ಪಣೆ ಕೇಳುವ ಗಂಡಸರು. ಆ ಕಾಲದ ಪ್ರೇಮಕಥೆಗಳನ್ನು ಈಗಲೂ ಹೊಸದಾಗಿ ಬರೆಯುತ್ತಾರೆ. ಈ ಕಥೆಯಲ್ಲಿ ರೂಥ್ ಎಂಬ ಈಗಿನ ಹುಡುಗಿ ಹಳೇ ಬಂಗಲೆ ನೋಡಲು ಹೋಗಿ, ಮೆಟ್ಟಿಲ ಕೆಳಗಿನ ಒಂದು ಬಾಗಿಲು ದಾಟುತ್ತಾಳೆ. ಆಚೆ ಕಾಲಿಟ್ಟರೆ ಇನ್ನೂರು ವರ್ಷ ಹಿಂದೆ. ಅಲ್ಲೊಬ್ಬ ಡ್ಯೂಕ್, ನಮ್ಮ ಕಡೆಯ ಪಾಳೇಗಾರ ಇದ್ದ ಹಾಗೆ. ಅವನಿಗೆ ಇವಳ ಮೇಲೆ ಮನಸ್ಸು.

ರಶ್ಮಿ ದಿನಕ್ಕಿಷ್ಟು ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಅವಳ ಫೋನಿನಲ್ಲಿ ಇಂಥ ಪುಸ್ತಕ ಓದುವವರದೇ ಒಂದು ಗುಂಪು, ಯಾವ ಯಾವ ದೇಶದವರೋ. ಬಿಸಿನೀರು ಜೊತೆಗೆ ಬರುವುದಾದರೆ ನಾಳೆಯೇ ಹಿಂದಕ್ಕೆ ಹೋಗುತ್ತೇನೆ ಎಂದು ಒಬ್ಬಳು ಬರೆದಿದ್ದಳು. ರೂಥ್ ವಾಪಸ್ ಬರಲಿ ಎನ್ನುವವರು ಯಾರನ್ನೂ ಪ್ರೀತಿಸಿಲ್ಲ ಎಂದು ಇನ್ನೊಬ್ಬಳು.

ರತ್ನಾ ಟೀಚರಿಗೆ ಬಾಗಿಲು ದಾಟುವುದೇ ಒಪ್ಪಿಗೆಯಿರಲಿಲ್ಲ. "ಇದು ಮೋಸ ಕಣೇ ರಶ್ಮಿ. ಆ ಕಾಲದ ಕಥೆಗೆ ಆ ಕಾಲದ ಹುಡುಗಿ ಬೇಕು. ಈಗಿನೋಳನ್ನ ತುರುಕಿದರೆ ಅವಳು ಎಲ್ಲರಿಗೂ ಬುದ್ಧಿ ಹೇಳ್ತಾ ಕೂರ್ತಾಳೆ."

"ಟೀಚರ್, ಅವಳಿದ್ದರೇ ನಾನು ಒಳಗೆ ಹೋಗೋಕಾಗೋದು. ನನಗೆ ಏನು ಕೇಳಬೇಕು ಅನ್ಸುತ್ತೋ ಅದನ್ನೇ ಅವಳು ಕೇಳ್ತಾಳೆ."

"ಅದ್ಯಾಕ ಹಿಂದಕ್ಕ ಹೋದೋರೆಲ್ಲ ದೊರೆ ಮನೆಗೇ ಬೀಳ್ತಾರೆ?" ಎಂದರು ಪಾರ್ವತಕ್ಕ. "ಒಬ್ಬಳೂ ಪಾತ್ರೆ ತಿಕ್ಕೋ ಕಲ್ಲಿನ ಮೇಲೆ ಬೀಳಂಗಿಲ್ಲ. ಆ ಡ್ಯೂಕನ್ನೇ ಇಲ್ಲಿಗೆ ಕರ್ಕೊಂಡು ಬರಲಿ ಬಿಡು. ಆಧಾರ್ ಕಾರ್ಡಿಗೆ ಲೈನು ನಿಲ್ಲಿಸೋಣ."

ನಾನೂ ಸೆರಗು ಬಾಯಿಗಿಟ್ಟು ನಕ್ಕೆ. ಆದರೆ ಆ ಬಾಗಿಲು ನನ್ನ ಮನಸ್ಸಿನಿಂದ ಹೋಗಲಿಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಬಂಗಲೆಯ ಬಾಗಿಲಲ್ಲ. ನಮ್ಮ ಮನೆಯ ನಡುಮನೆಯ ಪಕ್ಕದ ಕೋಣೆಯ ಬಾಗಿಲು. ತಲೆ ತಗ್ಗಿಸಿ ಹೋಗಬೇಕಾದ, ಕಿಟಕಿಯಿಲ್ಲದ, ಮೇಲೊಂದು ಬೆಳಕಿಂಡಿ ಮಾತ್ರ ಇರುವ ಬಾಣಂತಿ ಕೋಣೆ. ನೀವು ಅದರ ಗೋಡೆಯಾಚೆಯೇ ಮಲಗುತ್ತೀರಿ.

ಹಪ್ಪಳ ಒಣಗಿ ಡಬ್ಬ ಸೇರುವಷ್ಟರಲ್ಲಿ ರಶ್ಮಿ ಬದಲಾದಳು. ಆಸ್ಪತ್ರೆಗೆ ತೋರಿಸಿಕೊಂಡು ಬಂದ ದಿನವೆಲ್ಲ ಮಂಕಾಗಿರುತ್ತಿದ್ದಳು. ಅಲ್ಲಿಯ ಬಿಳಿ ದೀಪ, ಔಷಧದ ವಾಸನೆ, ಮುಖ ನೋಡದೆ ಹೊಟ್ಟೆ ಮುಟ್ಟುವ ಕೈಗಳು ತನಗೆ ಬೇಡ ಎಂದಳು. ಒಂದು ದಿನ ಮಧ್ಯಾಹ್ನ ನನ್ನ ಪಕ್ಕ ಬಂದು ಕೂತಳು.

"ಅಜ್ಜಿ, ಅಮ್ಮ ಹುಟ್ಟಿದ್ದು ಊರ ಮನೆ ಕೋಣೇಲಲ್ಲವಾ?"

"ಹೌದವ್ವ."

"ನಾನೂ ಅಲ್ಲೇ ಹೆರ್ತೀನಿ. ಹಿಂದಿನ ಕಾಲದೋರ ಥರ. ಎಣ್ಣೆ ದೀಪ, ಬೇವಿನ ಹೊಗೆ, ನೀನು ಪಕ್ಕದಲ್ಲಿ. ಮನೇಲೇ ಹೆರಿಗೆ ಮಾಡಿಸೋ ಒಬ್ಬರ ಹತ್ತಿರ ಫೋನಲ್ಲಿ ಮಾತಾಡಿದೀನಿ, ಬರ್ತಾರಂತೆ. ಬೀಗದ ಕೈ ಕೊಡ್ತೀಯಾ?"

ಗಿರಿಜಾ ಇದನ್ನು ಕೇಳಿ ಕೂಗಾಡಿದಳು. ಕೂಗಾಡಿದಷ್ಟೂ ರಶ್ಮಿ ಗಟ್ಟಿಯಾದಳು. ಅವಳ ಗಂಡ ದೂರದಿಂದ ಫೋನಿನಲ್ಲಿ, ನಿನ್ನಿಷ್ಟ ಎಂದುಬಿಟ್ಟ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಕೊಡುವುದಿಲ್ಲ ಎಂದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳುವ ಹಾಗಿರಲಿಲ್ಲ.

ಆ ಕೋಣೆಯಲ್ಲಿ ಹೆರಲಾಗದೆ ಗಂಗವ್ವ ಸತ್ತಿದ್ದಳು. ನಿಮ್ಮ ಅಜ್ಜನಿಗೂ ದೊಡ್ಡಜ್ಜನಿಗೂ ತಂಗಿ, ನನಗೆ ನಾದಿನಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ನೀವ್ಯಾರೂ ಆ ಹೆಸರು ಕೇಳಿಲ್ಲ, ಗಿರಿಜಳೂ ಕೇಳಿಲ್ಲ. ಬಸುರಿಯ ಮುಂದೆ ಸಾವಿನ ಮಾತು ಎತ್ತಬಾರದು ಎಂಬುದು ನಮ್ಮ ಮನೆಯ ಕಟ್ಟು. ಆಗ ನಾನೇ ಬಸುರಿ, ಆಮೇಲೆ ವಾರಗಿತ್ತಿ, ಆಮೇಲೆ ಮತ್ತೆ ನಾನು. ನಮ್ಮಂಥ ಮನೆಯಲ್ಲಿ ಯಾವಾಗಲೂ ಒಬ್ಬಳು ಬಸುರಿ ಇದ್ದೇ ಇರುತ್ತಿದ್ದಳು. ಹಾಗೆ ಆ ಹೆಸರು ಬಾಯಿಗೆ ಬರದೆಯೇ ಹೋಯಿತು. ಈಗ ತುಂಬು ಬಸುರಿಯ ಮುಂದೆ, ಅದೂ ಗಂಡ ಸತ್ತವಳಾದ ನನ್ನ ಬಾಯಿಂದ, ಆ ಮಾತು ಹೇಗೆ ಬರಬೇಕು? ಹೇಳಿದರೆ ಏನಾದೀತೋ ಎಂಬ ಭಯ. ಹೇಳದಿದ್ದರೆ ಏನಾದೀತೋ ಎಂಬುದು ಇನ್ನೂ ದೊಡ್ಡ ಭಯ.

ಒಂದು ಸಂಜೆ ಟೆರೇಸ್ ಮೇಲೆ ಎಲ್ಲರೂ ಸೇರಿದ್ದರು. ಗಾಳಿ ನಿಂತುಹೋಗಿತ್ತು. ಹರಿಹರದ ದಿಕ್ಕಿಗೆ ಮೋಡ ಕಪ್ಪಾಗಿತ್ತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮಾತು ತಿರುಗಿಸಲೆಂದು ರತ್ನಾ ಟೀಚರ್ ನನ್ನ ಕಡೆ ನೋಡಿದರು.

"ಅಮ್ಮಾ, ಎಲ್ಲರೂ ಹೇಳಾಯ್ತು, ನೀವೊಬ್ಬರೇ ಬಾಕಿ. ರೂಥ್ ಅಲ್ಲೇ ಇರಬೇಕೋ, ವಾಪಸ್ ಬರಬೇಕೋ?"

"ಹೇಳ್ರಿ ಅಮ್ಮಾ, ನಾಚಿಕಿ ಯಾಕ?" ಎಂದರು ಪಾರ್ವತಕ್ಕ. "ಟ್ಯಾಂಕಿನ ಹಿಂದಿಂದ ಈಚೆ ಬರ್ರಿ. ಆ ಡ್ಯೂಕು ನಿಮ್ಮನ್ನೇನು ನೋಡಂಗಿಲ್ಲ."

ಆಗ ಹೊಳೆಯಿತು. ಗಂಗವ್ವನ ಮಾತಾಡುವ ಹಾಗಿಲ್ಲ. ರೂಥಳ ಮಾತಾಡಬಹುದು.

"ಪುಸ್ತಕ ಮದುವೆಗೆ ಮುಗಿತೈತೇನು?" ಎಂದು ಕೇಳಿದೆ.

"ಹೂಂ ಅಜ್ಜಿ. ಇಂಥವೆಲ್ಲ ಮದುವೆಗೇ ಮುಗಿಯೋದು."

"ಮುಂದಿನ ವರ್ಷದ್ದು ಯಾರೂ ಬರೆದಿಲ್ಲ. ನಾನು ಹೇಳ್ತೀನಿ," ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. "ರೂಥ್ ಬಸುರಿ ಆದ್ಲು. ಗಟ್ಟಿ ಹುಡುಗಿ, ನಗುಮುಖ. ಡ್ಯೂಕನ ಮನೇಲಿ ಹೆರಿಗೆಗೆ ಅಂತ ಒಂದು ಕೋಣೆ. ಕಿಟಕಿ ಇಲ್ಲ, ಗಾಳಿ ತಾಕಬಾರದಂತೆ. ನೋವು ಶುರುವಾತು. ಸೂಲಗಿತ್ತಿ ಒಳ್ಳೆಯಾಕೆನೇ, ಊರಿನ ಅರ್ಧ ಮಕ್ಕಳನ್ನ ಹಿಡಿದಾಕೆ. ಮಗು ಅಡ್ಡ ನಿಂತಿತ್ತು. ಒಂದು ಹಗಲು ಹೋತು, ಇನ್ನೊಂದು ಹಗಲು ಬಂತು. ಆಕೆ ಮೊದಲು ಕೂಗ್ತಿದ್ಲು, ಆಮೇಲೆ ಕೂಗಲಿಲ್ಲ. ಅತ್ತಿಗೆ ಕೈ ಹಿಡ್ಕೊಂಡು, ನನ್ನ ಈಚೆ ಬಯಲಿಗೆ ಕರ್ಕೊಂಡು ಹೋಗ್ರಿ, ಇಲ್ಲಿ ಬೆಳಕಿಲ್ಲ ಅಂದ್ಲು. ಆಸ್ಪತ್ರೆಗೆ ಒಯ್ಯೋಣ ಅಂತ ಸಾರೋಟು ಕಟ್ಟಿದ್ರು. ಮಳೆಗಾಲ. ಗದ್ದೆ ದಾರೀಲಿ ಗಾಲಿ ಹೂತು ಹೋತು. ಗಂಡಸರು ಎಂಟು ಜನ ನೂಕಿದ್ರು. ಎತ್ತು ಮಂಡಿ ಊರಿಬಿಟ್ವು."

"ಡ್ಯೂಕನ ಸಾರೋಟಿಗೆ ಎತ್ತು ಎಲ್ಲಿಂದ ಬಂ..." ಎಂದ ಪಾರ್ವತಕ್ಕನ ನಗು ಅಲ್ಲಿಗೇ ನಿಂತಿತು.

ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ರಶ್ಮಿಯ ಎರಡೂ ಕೈ ಹೊಟ್ಟೆಯ ಮೇಲಿದ್ದವು.

"ಆಮೇಲೆ ಅಜ್ಜಿ?" ಎಂದಳು, ಬಹಳ ಮೆಲ್ಲಗೆ.

"ಆಮೇಲಿಂದು ಪುಸ್ತಕದಾಗಿಲ್ಲ. ಆ ಬಾಗಿಲಿಂದ ಒಬ್ಬಳು ವಾಪಸ್ ಬರೋಕೆ ಆಗೋದಿದ್ರೆ ಬಂದುಬಿಡಲಿ ಅನ್ನೋದೇ ನನ್ನ ಅಭಿಪ್ರಾಯ. ಬಸುರಿ ಆಗೋದ್ರೊಳಗೇ ಬರಲಿ."

ನಾನು ಸೊಂಟದಿಂದ ಬೀಗದ ಕೈ ತೆಗೆದು ರಶ್ಮಿಯ ಮುಂದೆ ಹಪ್ಪಳದ ಚಾಪೆಯ ಮೇಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ನನ್ನ ಮುಖ ನೋಡಿ, "ಆ ಹುಡುಗಿ ಹೆಸರು ರೂಥ್ ಅಲ್ಲ, ಅಲ್ಲವಾ?" ಎಂದು ಕೇಳಿದಳು. "ಮಗು ಆದ ಮೇಲೆ ಹೇಳ್ತೀನಿ," ಎಂದೆ. ಅಷ್ಟರಲ್ಲಿ ಮಳೆಯ ಮೊದಲ ದಪ್ಪ ಹನಿಗಳು ಬಿದ್ದವು. ಎಲ್ಲರೂ ಎದ್ದು ಬಟ್ಟೆ, ಚಾಪೆ ಎತ್ತಿಕೊಂಡು ಕೆಳಗೆ ಇಳಿದೆವು. ಊರ ಕೋಣೆಯ ಮಾತನ್ನು ರಶ್ಮಿ ಮತ್ತೆ ಎತ್ತಲಿಲ್ಲ.

ಆಸ್ಪತ್ರೆಯಲ್ಲೇ ಹೆಣ್ಣು ಮಗು ಆಯಿತು. ಗಾಜಿನ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕೂತು ನಾನು ಗೋಡೆ ನೋಡುತ್ತಿದ್ದೆ. ಬಿಳಿ ದೀಪ ನನಗೂ ಚುಚ್ಚಿತು, ಆದರೆ ಅದು ಬೆಳಕಾಗಿತ್ತು. ಹೆರಿಗೆ ಎಷ್ಟು ಸಲೀಸಾಯಿತೆಂದರೆ, ಮಾರನೇ ದಿನ ರಶ್ಮಿ ಮಗುವಿಗೆ ಹಾಲು ಕೊಡುತ್ತಾ, "ಇಷ್ಟು ಸುಲಭಕ್ಕೆ ಊರಲ್ಲೇ ಆಗ್ತಿತ್ತಲ್ಲ ಅಜ್ಜಿ," ಎಂದಳು. ಸಿಟ್ಟೇನೂ ಇರಲಿಲ್ಲ, ಸಣ್ಣದೊಂದು ಬೇಸರ ಇತ್ತು. ಆಗುತ್ತಿತ್ತೋ ಏನೋ. ಗಂಗವ್ವನಿಗೂ ಹಿಂದಿನ ದಿನದವರೆಗೆ ಎಲ್ಲ ಸಲೀಸಾಗಿಯೇ ಇತ್ತು. ಅವತ್ತೇ ಆ ಹೆಸರು ಹೇಳಿದೆ. ರಶ್ಮಿ ಅದನ್ನು ಒಮ್ಮೆ ತಾನೂ ಹೇಳಿ ನೋಡಿದಳು. ಗಿರಿಜಾ ಕಿಟಕಿಯ ಕಡೆ ತಿರುಗಿ ನಿಂತಳು.

ಬೀಗದ ಕೈಯನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಆ ಕೋಣೆಗೆ ಒಂದು ದೊಡ್ಡ ಕಿಟಕಿ ಇಡಿಸಲು ನಿಮ್ಮ ಅಪ್ಪನಿಗೆ ಹೇಳಿ. ಅಂಗಳದ ಕಡೆಗೆ ಇರಲಿ.

ನಾನು ಯಾವಾಗ ಊರಲ್ಲೇ ಇರಲು ಬರುತ್ತೇನೆಂದು ಕೇಳುತ್ತೀರಿ. ಹರಿಹರ ದಾಟಿದರೆ ನಮ್ಮೂರು, ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಆದರೂ ಇಲ್ಲಿದ್ದಾಗ ಕಿವಿ ಅಲ್ಲಿಯ ನಾಯಿಗಳಿಗಾಗಿ ಕಾಯುತ್ತದೆ. ಕಳೆದ ಸಲ ಊರಿಗೆ ಬಂದಿದ್ದಾಗ ಸಂಜೆಯ ಕತ್ತಲೆಗೆ ಮೊದಲ ಸಲ ಹೆದರಿ ನಿಮ್ಮನ್ನು ಕೂಗಿ ಲೈಟು ಹಾಕಿಸಿದೆ. ನೀವು, ಅಜ್ಜಿ ದಾವಣಗೆರೆಯವಳಾದಳು ಎಂದು ನಕ್ಕಿರಿ. ಇಲ್ಲಿ ಪಾರ್ವತಕ್ಕ ನನ್ನನ್ನು ಹಳ್ಳಿ ಅಮ್ಮ ಎಂದೇ ಕರೆಯುತ್ತಾರೆ. ನಾನು ಯಾವ ಕಡೆ ಇರಬೇಕೆಂದು ಅಭಿಪ್ರಾಯ ಹೇಳುವ ಗುಂಪು ಯಾವ ಫೋನಿನಲ್ಲೂ ಇಲ್ಲ.

ರಶ್ಮಿ ಪುಸ್ತಕ ಓದಿ ಮುಗಿಸಿದಳು. ರೂಥ್ ಡ್ಯೂಕನನ್ನು ಮದುವೆಯಾಗಿ ಅಲ್ಲೇ ಉಳಿದಳಂತೆ. ಗುಂಪಿನವರೆಲ್ಲ ಸಂತೋಷಪಟ್ಟರಂತೆ. ನಾನು ಕೇಳಿಕೊಂಡು ಎದ್ದು ಹೋಗಿ ದೇವರ ಮೂಲೆ ಗುಡಿಸಿದೆ. ಅವಳು ಬರಲಿ ಎಂದು ಕಟ್ಟಿದ ಮುಡಿಪು ಅಲ್ಲೇ ಇದೆ. ಅವಳು ಬಂದಿಲ್ಲವಾದ್ದರಿಂದ ಒಪ್ಪಿಸುವ ಹಾಗಿಲ್ಲ. ಬಿಚ್ಚಲು ಕೈ ಬರುವುದಿಲ್ಲ.