ಎರಡೂ ತಂಡಕ್ಕೆ ಆಡಿದವಳು

ಅಪ್ಪ ಮಸ್ಕತ್ತಿನಲ್ಲಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡ ಸುದ್ದಿ ಬಂದಾಗ ನಾನು ಒಂಬತ್ತನೇ ತರಗತಿಯಲ್ಲಿದ್ದೆ. ಅಮ್ಮ ಅಲ್ಲಿಗೆ ಹೋಗಲೇಬೇಕಾಯಿತು. ಬಜಗೋಳಿಯ ಮನೆಯಲ್ಲಿ ನನ್ನನ್ನು ಒಬ್ಬಳನ್ನೇ ಬಿಡುವಂತಿರಲಿಲ್ಲ. ಅವರು ಹಿಂತಿರುಗುವವರೆಗೆ ನಾನು ನನ್ನ ಶಾಲೆಯ ಹಾಸ್ಟೆಲಿನಲ್ಲೇ ಇರುವುದೆಂದು ತೀರ್ಮಾನವಾಯಿತು. ಇದನ್ನು ನನಗೆ ಹೇಗೆ ಹೇಳುವುದೆಂದು ತಿಳಿಯದೆ ಅಮ್ಮ ನನಗಿಷ್ಟದ ಬಂಗುಡೆ ಮೀನಿನ ಪುಳಿಮುಂಚಿ ಮಾಡಿ, ಊಟದ ನಡುವೆ ಮೆಲ್ಲನೆ ವಿಷಯ ತೆಗೆದರು. ನಾನು ಎಂಜಲು ಕೈಯಲ್ಲೇ ಎದ್ದು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದೆ. ಅಪ್ಪನ ಕಾಲು ನೆನಪಾಗಿ ಕೂತೆ. ತಡೆಯಲಾಗದೆ ಮತ್ತೆ ಎದ್ದೆ.

"ಸ್ವಲ್ಪ ಆದ್ರೂ ಬೇಜಾರು ಮಾಡು ಮಾರಾಯ್ತಿ," ಎಂದರು ಅಮ್ಮ.

ಕಾರ್ಕಳ ಪೇಟೆ ದಾಟಿ ಒಂದು ಗುಡ್ಡದ ಮೇಲಿದ್ದ ನಮ್ಮ ಶಾಲೆಗೆ ನೂರು ವರ್ಷ ಯಾವತ್ತೋ ತುಂಬಿತ್ತು. ಅದು ಸರಕಾರದ್ದಲ್ಲ, ಊರಿನ ನಾಲ್ಕಾರು ಮಂದಿ ಸೇರಿ ಕಟ್ಟಿ, ಅವರ ನಂತರದವರು ನಡೆಸಿಕೊಂಡು ಬಂದದ್ದು. ಕೆಂಪುಕಲ್ಲಿನ ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ದಂಡೆಯ ಮೇಲೆ ಇಬ್ಬರು ಎದುರುಬದುರು ಕೂತು ಬುತ್ತಿ ಉಣ್ಣಬಹುದಿತ್ತು. ಅಲ್ಲಿ ಓದುವವರಲ್ಲಿ ಎರಡು ಪಂಗಡ: ಹಾಸ್ಟೆಲಿನವರು ಮತ್ತು ಡೇ ಸ್ಕಾಲರುಗಳು. ಸಂಜೆಯ ಗಂಟೆ ಹೊಡೆದ ಕೂಡಲೇ ಡೇ ಸ್ಕಾಲರುಗಳಾದ ನಾವು ಬಸ್ಸಿಗೆ ಓಡುತ್ತಿದ್ದೆವು. ಬಸ್ಸು ತಿರುವಿನಲ್ಲಿ ಇಳಿಯುವಾಗ ಕಿಟಕಿಯಿಂದ ನೋಡಿದರೆ, ಹಾಸ್ಟೆಲಿನ ಹುಡುಗಿಯರು ಯೂನಿಫಾರ್ಮ್ ಕಳಚಿ ಬಣ್ಣದ ಬಟ್ಟೆ ಹಾಕಿಕೊಂಡು ಮೈದಾನದಲ್ಲಿ ಯಾತಕ್ಕೋ ನಗುತ್ತಿರುತ್ತಿದ್ದರು. ನಾವು ಹೊರಟ ಮೇಲೆಯೇ ನಿಜವಾದ ಶಾಲೆ ಶುರುವಾಗುತ್ತದೆ ಎಂದು ನಾನು ನಂಬಿದ್ದೆ.

ಶುರುವಾಗುತ್ತಿದ್ದದ್ದು ಬಟ್ಟೆ ಒಗೆಯುವುದು, ಪ್ರಾರ್ಥನೆ, ಓದು, ಊಟ. ಆದರೂ ನಾನು ಮೋಸ ಹೋದೆ ಎಂದು ಒಂದು ಗಳಿಗೆಯೂ ಅನಿಸಲಿಲ್ಲ. ಬೆಳಗಿನ ಕುಚ್ಚಲಕ್ಕಿ ಗಂಜಿಯನ್ನು ಮನೆಯಲ್ಲಿ ಮುಟ್ಟದವಳು ಅಲ್ಲಿ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ. ಹಾಸ್ಟೆಲಿನ ಲೀಡರ್ ಹತ್ತನೇ ತರಗತಿಯವಳು, ಶಿರ್ವದವಳು. ಅವಳ ತಂದೆತಾಯಿ ಇಬ್ಬರೂ ಕುವೈತಿನಲ್ಲಿದ್ದು, ಊರಿನ ದೊಡ್ಡ ಮನೆಗೆ ಬೀಗ ಬಿದ್ದಿತ್ತು; ಅವಳು ಐದನೇ ತರಗತಿಯಿಂದ ಹಾಸ್ಟೆಲಿನಲ್ಲೇ ಇದ್ದಳು. ಒದ್ದೆ ಬೆಡ್‌ಶೀಟನ್ನು ಎರಡು ತುದಿಯಲ್ಲಿ ಇಬ್ಬರು ಹಿಡಿದು ಹಿಂಡುವುದನ್ನು ಅವಳೇ ನನಗೆ ಕಲಿಸಿದಳು. ಅವಳು ಒಂದು ಕಡೆಗೆ ತಿರುಚಿದರೆ ನಾನು ಇನ್ನೊಂದು ಕಡೆಗೆ ತಿರುಚಬೇಕಿತ್ತು. ನಾನು ನಗುತ್ತಾ ಅವಳ ಕಡೆಗೇ ತಿರುಚಿ, ಇಬ್ಬರೂ ನೀರಿನ ತೊಟ್ಟಿಗೆ ಒರಗಿ ಬಿದ್ದೆವು.

ಓದಿನ ಹೊತ್ತಿನಲ್ಲಿ ಎಲ್ಲರೂ ಗಟ್ಟಿಯಾಗಿ ಓದುತ್ತಿದ್ದರು. ಹತ್ತನೆಯವರ ಭೂಗೋಳ ನನ್ನ ಕಿವಿಗೆ ಬಿದ್ದು ಬಿದ್ದು ಬಾಯಿಗೆ ಬಂತು. ಒಂದು ದಿನ ಸಮಾಜದ ಟೀಚರ್ ಹವಾಮಾನದ ಬಗ್ಗೆ ಏನೋ ಕೇಳಿದಾಗ, ನಾನು ಮುಂದಿನ ವರ್ಷದ ಪಾಠದಿಂದ ಇಡೀ ಪ್ಯಾರಾ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮುಂದುವರಿಸು ಎಂದರು. ಮುಂದಕ್ಕೆ ನನಗೆ ಗೊತ್ತಿರಲಿಲ್ಲ. ಹಾಸ್ಟೆಲಿನಲ್ಲಿ ಹತ್ತನೆಯವರು ಅಲ್ಲಿಯವರೆಗೆ ಓದುವಷ್ಟರಲ್ಲಿ ಊಟದ ಗಂಟೆಯಾಗಿತ್ತು.

ಭಾನುವಾರ ವಾರ್ಡನ್ ಟೀಚರ ಮೊಬೈಲಿಗೆ ಅಮ್ಮನ ವಿಡಿಯೋ ಕಾಲ್ ಬರುತ್ತಿತ್ತು. ಪ್ಲಾಸ್ಟರ್ ಹಾಕಿದ ಕಾಲನ್ನು ಅಪ್ಪ ಎತ್ತಿ ತೋರಿಸುತ್ತಿದ್ದರು. ನಾನು ಉಸಿರು ಬಿಡದೆ ಹಾಸ್ಟೆಲಿನ ಕತೆ ಹೇಳಿ ಮುಗಿಸಿದ ಮೇಲೆ ಅಮ್ಮ, ನನ್ನ ನೆನಪಾಗುತ್ತದಾ ಎಂದು ತುಳುವಿನಲ್ಲಿ ಕೇಳುತ್ತಿದ್ದರು. ಆಗುತ್ತದೆ ಎನ್ನುತ್ತಿದ್ದೆ. ಅದೂ ಸುಳ್ಳಲ್ಲ.

ಅಷ್ಟರಲ್ಲಿ ಥ್ರೋಬಾಲ್ ಪಂದ್ಯ ಬಂತು. ಪ್ರತಿ ವರ್ಷ ಹಾಸ್ಟೆಲಿಗೂ ಡೇ ಸ್ಕಾಲರುಗಳಿಗೂ ನಡೆಯುವ ಪಂದ್ಯ ಅದು. ಹಿಂದಿನ ವರ್ಷ ಡೇ ಸ್ಕಾಲರುಗಳು ಗೆದ್ದದ್ದು ನನ್ನ ಸರ್ವಿಸಿನಿಂದ. ಈ ಸಲ ನಾನು ಯಾರವಳು ಎಂದು ಪಿ.ಟಿ. ಸರ್ ಕೋಣೆಯ ಬಾಗಿಲಲ್ಲಿ ಜಗಳವಾಯಿತು. ಡೇ ಸ್ಕಾಲರುಗಳ ಕ್ಯಾಪ್ಟನ್ ನನ್ನ ಬೆಂಚಿನವಳೇ, ಕಾರ್ಕಳ ಪೇಟೆಯವಳು.

"ಅವಳು ನಮ್ಮ ಗಂಜಿ ಉಣ್ಣುದು, ನಮ್ಮ ಹಗ್ಗದಲ್ಲಿ ಬಟ್ಟೆ ಒಣಗಿಸುದು," ಎಂದಳು ಶಿರ್ವದವಳು. "ನಿಮ್ಮವಳು ಹೇಗೆ ಆಗ್ತಾಳೆ?"

"ಅಮ್ಮ ಬಂದ ಕೂಡಲೇ ನಮ್ಮ ಬಸ್ಸಿಗೆ ಬರುವವಳಲ್ವಾ? ಈಗ ನಿಮ್ಮಲ್ಲಿ ಇಟ್ಟದ್ದು, ಅಷ್ಟೇ."

ನನ್ನನ್ನು ಇಟ್ಟದ್ದು, ತೆಗೆದದ್ದು ಎಂದು ಇಬ್ಬರು ಎಳೆದಾಡುವುದು ನನಗೆ ಹಬ್ಬದಂತಿತ್ತು. ಕೊನೆಗೆ ಸರ್ ನನ್ನ ಕಡೆ ತಿರುಗಿದರು. "ನೀನು ಎಂತ ಹೇಳ್ತಿ?"

"ಎರಡೂ ಕಡೆ ಆಡ್ತೇನೆ ಸರ್."

ತಮಾಷೆಗೆ ಹೇಳಿದ್ದೆ. ಸರ್ ಗಲ್ಲ ಕೆರೆದುಕೊಂಡು ಯೋಚಿಸಿ, ಮೊದಲ ಸೆಟ್ ಹಾಸ್ಟೆಲಿಗೆ, ಎರಡನೆಯದು ಡೇ ಸ್ಕಾಲರುಗಳಿಗೆ, ಮೂರನೆಯದು ಬಂದರೆ ಆಗ ನೋಡುವ ಎಂದುಬಿಟ್ಟರು.

ಪಂದ್ಯದ ದಿನ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ಮೈದಾನ ಕೊಟ್ಟಿರಲಿಲ್ಲ. ಪಾದ ಮುಳುಗುವಷ್ಟು ಕೆಸರು. ಇಡೀ ಶಾಲೆ ಸುತ್ತ ನಿಂತಿತ್ತು. ಹೆಡ್‌ಮಿಸ್ಟ್ರೆಸ್ ಕೊಡೆ ಹಿಡಿದು ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ನಾವು ಯಾರೂ ಅವರ ಹಲ್ಲು ನೋಡಿದವರಲ್ಲ. ಮೊದಲ ಸೆಟ್ಟಿನಲ್ಲಿ ನಾನು ತೋಳಿಗೆ ಹಳದಿ ರಿಬ್ಬನ್ ಕಟ್ಟಿಕೊಂಡು ನನ್ನ ಬೆಂಚಿನವಳ ಕೈಯಿಂದ ಚೆಂಡು ಜಾರುವಂತೆ ಸರ್ವಿಸ್ ಹಾಕಿದೆ; ಹಾಸ್ಟೆಲ್ ಗೆದ್ದಿತು. ಎರಡನೆಯದರಲ್ಲಿ ನೀಲಿ ರಿಬ್ಬನ್ ಕಟ್ಟಿ ಅದೇ ಸರ್ವಿಸನ್ನು ಶಿರ್ವದವಳಿಗೆ ಹಾಕಿದೆ; ಡೇ ಸ್ಕಾಲರುಗಳು ಗೆದ್ದರು. ಎರಡೂ ಸಲ ನನ್ನನ್ನು ಎತ್ತಿ ಕುಣಿಸಿದರು. ಒಂದೇ ಮಧ್ಯಾಹ್ನದಲ್ಲಿ ಎರಡು ಸಲ ಗೆದ್ದು ಎರಡು ಸಲ ಬೈಸಿಕೊಂಡವಳು ಆ ಶಾಲೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಮೂರನೆಯದಕ್ಕೆ ನಾನು ಎದುರಿನವರಿಗೆ ಸಿಗುವುದನ್ನು ಯಾರೂ ಒಪ್ಪಲಿಲ್ಲ. ಸರ್ ನನ್ನ ಕೈಗೆ ವಿಸಿಲ್ ಕೊಟ್ಟು ಹಾಸ್ಟೆಲ್ ಕಡೆಯ ಹಿಂದಿನ ಗೆರೆಯ ಹತ್ತಿರ ನಿಲ್ಲಿಸಿದರು. ಚೆಂಡು ಗೆರೆಯ ಒಳಗೋ ಹೊರಗೋ ಹೇಳುವ ಕೆಲಸ ನನ್ನದು. ಅಂಕಗಳು ಸಮಸಮ ಏರಿದವು. ಮೋಡ ಮತ್ತೆ ಕಪ್ಪಾಗಿ, ಮುಂದಿನ ಅಂಕ ಯಾರದ್ದೋ ಪಂದ್ಯ ಅವರದ್ದು ಎಂದು ಸರ್ ಘೋಷಿಸಿದರು.

ಚೆಂಡು ಡೇ ಸ್ಕಾಲರುಗಳ ಕಡೆಯಿಂದ ಎತ್ತರವಾಗಿ ಬಂತು. ಹೊರಗೆ ಹೋಗುತ್ತದೆಂದು ಶಿರ್ವದವಳು ಕೈ ಹಿಂದಕ್ಕೆಳೆದುಕೊಂಡಳು. ಅದು ನನ್ನ ಮುಂದೆಯೇ ಬಿದ್ದು ಕೆಸರನ್ನೂ ಗೆರೆಯ ಸುಣ್ಣವನ್ನೂ ಒಟ್ಟಿಗೆ ಹಾರಿಸಿತು. ಎರಡೂ ತಂಡದವರು ನನ್ನ ಕಡೆ ನೋಡಿದರು. ನಾನು ವಿಸಿಲ್ ಬಾಯಲ್ಲಿಟ್ಟುಕೊಂಡು ತಲೆ ಎತ್ತಿದರೆ, ಹೆಡ್‌ಮಿಸ್ಟ್ರೆಸ್ ಕೊಡೆಯ ಕೆಳಗೆ ಕದಲದೆ ಕೂತಿದ್ದಾರೆ, ಹಣೆಯ ನಟ್ಟನಡುವೆ ಕೆಸರಿನ ಒಂದು ದುಂಡು ಬೊಟ್ಟು.

ನನಗೆ ನಗು ಬಂತು. ವಿಸಿಲ್ ಬಾಯಲ್ಲೇ ಇತ್ತು. ಒಂದೊಂದು ನಗುವಿಗೂ ಪೀ, ಪೀ ಎಂದು ಊದಿತು. ಗೆದ್ದೆವೆಂದು ಡೇ ಸ್ಕಾಲರುಗಳು ಕುಣಿದರು, ನಾವೇ ಗೆದ್ದದ್ದೆಂದು ಹಾಸ್ಟೆಲಿನವರು ಕುಣಿದರು. ನನಗೆ ನಗು ನಿಲ್ಲಿಸಲೂ ಆಗಲಿಲ್ಲ, ವಿಸಿಲ್ ಉಗುಳಲೂ ಆಗಲಿಲ್ಲ. ಹೆಡ್‌ಮಿಸ್ಟ್ರೆಸ್ ಹಣೆ ಮುಟ್ಟಿ ನೋಡಿಕೊಂಡು, ಬೆರಳನ್ನು ದಿಟ್ಟಿಸಿ, ಕೊಡೆ ಕೆಳಗಿಟ್ಟು ನಕ್ಕರು. ಅವರು ನಕ್ಕ ಮೇಲೆ ಯಾರನ್ನು ಯಾರು ತಡೆಯುವುದು? ಇಡೀ ಮೈದಾನವೇ ನಕ್ಕಿತು.

ಸರ್ ಬಂದು ನನ್ನ ಬಾಯಿಂದ ವಿಸಿಲ್ ತೆಗೆದು ಏನಾಯಿತೆಂದು ಕೇಳಿದರು. ಕೆಸರು ಹಾರುವ ಮೊದಲೇ ನಾನು ನೋಡಿದ್ದೆ. "ಒಳಗೆ ಸರ್," ಎಂದೆ. ಹಾಸ್ಟೆಲ್ ಸೋತಿತು.

ಊಟದ ಮನೆಯಲ್ಲಿ ನನ್ನ ಪಕ್ಕದ ಜಾಗ ಖಾಲಿಯೇ ಉಳಿಯಿತು. ಸಾರಿನ ಬಕೆಟ್ ಕೂಡ ನನ್ನನ್ನು ದಾಟಿಯೇ ಹೋದ ಹಾಗೆ ಕಂಡಿತು. ಮಳೆಗಾಲವಿಡೀ ಹೀಗೆಯೇ ಕಳೆಯಬೇಕೇನೋ ಎಂದು ಮೊದಲ ಸಲ ಮನೆಗೆ ಹೋಗುವ ಯೋಚನೆ ಬಂತು. ಆಗ ಶಿರ್ವದವಳು ತಟ್ಟೆ ಹಿಡಿದುಕೊಂಡು ಬಂದು ನನ್ನೆದುರು ನಿಂತಳು.

"ಒಳಗೆ ಬಿದ್ದದ್ದು ಹೌದಾ?"

"ಹೌದು."

"ನನಗೂ ಹಾಗೇ ಕಂಡದ್ದು," ಎಂದು ಪಕ್ಕದಲ್ಲಿ ಕೂತು, ನನ್ನ ಹಪ್ಪಳದ ಅರ್ಧ ಮುರಿದುಕೊಂಡಳು.

ಅಪ್ಪ ನಡೆಯುವಂತಾಗಿ ಅಮ್ಮ ಹಿಂತಿರುಗಿದಾಗ ಮಳೆ ಕಡಿಮೆಯಾಗಿತ್ತು. ಟ್ರಂಕು ಹೊರಗಿಡುವಾಗ ನಾನು ಗಳಗಳನೆ ಅತ್ತೆ. ಅಮ್ಮ ನಕ್ಕರೂ ಅವರ ಮುಖ ಸ್ವಲ್ಪ ಸಣ್ಣದಾಯಿತು. ಬಳಿಕ ವಾರ್ಡನ್ ಟೀಚರ ಹತ್ತಿರ ಮಾತಾಡಿ, ನನ್ನ ಕೋಣೆಯ ಹುಡುಗಿಯರನ್ನೆಲ್ಲ ಮುಂದಿನ ಭಾನುವಾರ ಊಟಕ್ಕೆ ಕರೆದರು.

ಬಸ್ಸಿನಲ್ಲಿ ಗದ್ದಲ ಎಬ್ಬಿಸಿಕೊಂಡು ಬಂದವರು ಮನೆಯ ಬಾಗಿಲಲ್ಲಿ ಸುಮ್ಮನಾದರು. ಒಬ್ಬಳು ಫ್ರಿಜ್ ತೆರೆದಳು, ಏನೂ ತೆಗೆಯದೆ ಮುಚ್ಚಿದಳು, ಮತ್ತೆ ತೆರೆದಳು. ಕೋಳಿ ಸಾರೂ ನೀರುದೋಸೆಯೂ ಹೊಟ್ಟೆ ಸೇರಿದ ಮೇಲೆ ಮತ್ತೆ ಗದ್ದಲ. ಶಿರ್ವದವಳು ಮಾತ್ರ ಅಮ್ಮನ ಹಿಂದೆ ಅಡುಗೆಮನೆಗೆ ಹೋಗಿ, ನಿಮ್ಮ ಮಂಚದಲ್ಲಿ ಸ್ವಲ್ಪ ಮಲಗಲಾ ಎಂದು ಕೇಳಿದಳು. ಮಲಗಿದವಳು ಹಿಂದಿರುಗುವ ಬಸ್ಸಿನ ಹೊತ್ತಾದರೂ ಏಳಲಿಲ್ಲ. ಎಬ್ಬಿಸಲು ಹೋದ ನನ್ನನ್ನು ಅಮ್ಮ ತೋಳು ಹಿಡಿದು ಹೊರಗೆ ತಂದರು.

"ಮಲಗಲಿ," ಎಂದರು. "ನಾನು ಟೀಚರಿಗೆ ಫೋನ್ ಮಾಡ್ತೇನೆ. ರಿಕ್ಷಾದಲ್ಲಿ ಕಳಿಸಿದ್ರಾಯ್ತು."