ಅತ್ತೆಯವರ ಕಾಲು ಚಾಚುವಷ್ಟು ಜಾಗ

ನಮ್ಮ ಮಾವನವರು ಒಂದು ದಿನ ಕೊಲ್ಹಾಪುರದಿಂದ ಬಂದವರೇ ಚಪ್ಪಲಿ ಬಿಡುವ ಮೊದಲೇ ಹೇಳಿದರು: "ನಮ್ಮ ಮನಿತನಕ್ಕ ಒಂದು ಸಮಾಧಿ ಮಂಟಪ ಆಗಬೇಕು."

ಮೆಣಸಿನಕಾಯಿ ವ್ಯಾಪಾರಕ್ಕೆಂದು ಹೋದವರು ಪಂಚಗಂಗೆಯ ದಂಡೆಯಲ್ಲಿ ರಾಜಮನೆತನದ ಸಮಾಧಿಗುಡಿಗಳನ್ನು ನೋಡಿಕೊಂಡು ಬಂದಿದ್ದರು. ರಾಜರಿಗೆ ಇದ್ದ ಮೇಲೆ ಗಡಹಿಂಗ್ಲಜದ ಮೆಣಸಿನಕಾಯಿಯವರಿಗೆ ಯಾಕಿರಬಾರದು ಎಂಬುದು ಅವರ ತರ್ಕ. ಹೊಲದ ಮೂಲೆಯಲ್ಲಿ ಒಂದು ಬೇವಿನ ಮರದ ಪಕ್ಕ ಜಾಗವನ್ನೂ ಬಸ್ಸಿನಲ್ಲಿ ಬರುವಾಗಲೇ ನಿಶ್ಚಯಿಸಿಬಿಟ್ಟಿದ್ದರು.

ಆಗ ಮಹಾರಾಷ್ಟ್ರ ಆಗಿತ್ತೋ ಇನ್ನೂ ಮುಂಬಯಿ ರಾಜ್ಯವೇ ಇತ್ತೋ ಖಚಿತವಿಲ್ಲ. ನಾನು ಇಚಲಕರಂಜಿಯಿಂದ ಆ ಮನೆಗೆ ಸೊಸೆಯಾಗಿ ಬಂದು ವರ್ಷವಾಗಿತ್ತು. ಇದನ್ನು ಹಿಂದೆ ಎರಡು ಸಲ ಬರೆದು ಹರಿದಿದ್ದೇನೆ. ಬರೆದಾಗಲೆಲ್ಲ ಅತ್ತೆಯವರು ಇನ್ನಷ್ಟು ಜಾಣರಾಗಿ, ಮಾವನವರು ಇನ್ನಷ್ಟು ಪೆದ್ದರಾಗಿಬಿಡುತ್ತಿದ್ದರು. ನಿಜಕ್ಕೂ ಇಬ್ಬರೂ ಸಮಸಮ ಇದ್ದರು.

ಶಾಲೆಯಲ್ಲಿ ಡ್ರಾಯಿಂಗ್ ಪರೀಕ್ಷೆ ಪಾಸಾದವಳು ಮನೆಯಲ್ಲಿ ನಾನೊಬ್ಬಳೇ. ನಕ್ಷೆ ನನ್ನ ಪಾಲಿಗೆ ಬಂತು. ಪರೀಕ್ಷೆಗೆ ನಾನು ಬಿಡಿಸಿದ್ದು ಒಂದು ತಂಬಿಗೆ, ಎರಡು ಬಾಳೆಹಣ್ಣು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ ಮಣ್ಣು ಕೊಡುತ್ತಾರೆ. ಕುಣಿ ಅಳೆಯುವುದು ಸತ್ತವರ ಪಾದದಿಂದಲೇ. ಬೇರೆ ಮನೆಗಳ ಲೆಕ್ಕ ನನಗೆ ಗೊತ್ತಿಲ್ಲ; ಈ ಮನೆಯಲ್ಲಿ ಕೂರುವ ಗೂಡಿಗೆ ನಾಲ್ಕು ಪಾದ ಉದ್ದ, ನಾಲ್ಕು ಪಾದ ಅಗಲ. ಮೊದಲೇ ಕಟ್ಟಿಸುವುದಾದ್ದರಿಂದ ಬದುಕಿದ್ದವರ ಪಾದವನ್ನೇ ಹಾಳೆಯ ಮೇಲೆ ಇಡಿಸಿ ಪೆನ್ಸಿಲಿನಿಂದ ಗೆರೆ ಎಳೆದೆ. ಮಾವನವರದು ದೋಣಿಯಂಥ ಪಾದ. ಅತ್ತೆಯವರದು ಹಾಳೆಯ ಅರ್ಧಕ್ಕೇ ಮುಗಿದುಹೋಯಿತು. ನಾನು ಗೆರೆ ಎಳೆಯುವಾಗ ಅವರಿಗೆ ಕಚಗುಳಿಯಾಗಿ ಹೆಬ್ಬೆರಳು ಅಲುಗಿದ್ದರಿಂದ ಒಂದು ಅರ್ಧ ಇಂಚು ಹೆಚ್ಚು ಸಿಕ್ಕಿರಬಹುದು.

ಅಂಗಳದಲ್ಲಿ ಸುಣ್ಣದಿಂದ ಎರಡು ಚೌಕ ಹಾಕಿದೆ. ಮುಂದೆ ಮಾವನವರದು. ಅದರ ಹಿಂದೆ, ಅದೇ ಸಾಲಿನಲ್ಲಿ, ಅತ್ತೆಯವರ ಪುಟ್ಟ ಚೌಕ. ಹಿಂದೆ ಎಂದು ಹೇಳಿದ್ದು ಮಾವನವರು.

ಅತ್ತೆಯವರು ತಮ್ಮ ಚೌಕವನ್ನು ಸುತ್ತು ಹಾಕಿ ನೋಡಿದರು. "ಇದೇನ ತಂಗಿ, ಕೋಳಿ ಕೂಡಿ ಹಾಕೂ ಬುಟ್ಟಿ ಇಟ್ಟಂಗ ಐತಲ್ಲ?"

"ನಿಮ್ಮ ಪಾದದ ಅಳತೀನರೀ ಅತ್ತಿ," ಎಂದೆ.

"ಪಾದ ಸಣ್ಣದಿದ್ರ ಮೊಣಕಾಲೂ ಸಣ್ಣವೇನ? ನನ್ನ ಕಾಲು ಮಡಚಿ ಎಷ್ಟ ವರ್ಷಾತು!"

ಅದು ಸತ್ಯ. ಅತ್ತೆಯವರಿಗೆ ಮೊಣಕಾಲಿನ ನೋವು ಭಾರಿ. ಊಟಕ್ಕೂ, ಪೂಜೆಗೂ, ಮೆಣಸಿನಕಾಯಿ ತೊಟ್ಟು ಬಿಡಿಸಲೂ ಅವರು ಕಾಲು ನೀಡಿಯೇ ಕೂರುತ್ತಿದ್ದರು. ಸತ್ತ ಮೇಲೆ ಯುಗಯುಗ ಚಕ್ಕಳಮಕ್ಕಳ ಹಾಕಿ ಕೂರಬೇಕು ಎಂಬುದು ಅವರಿಗೆ ಆ ಸುಣ್ಣದ ಗೆರೆ ನೋಡಿದಾಗಲೇ ಹೊಳೆದದ್ದು. ಸಾವಿನ ಮಾತಿಗೆ ಅಷ್ಟು ಹೊತ್ತು ನಗುತ್ತಿದ್ದವರು ಮಡಚಿದ ಕಾಲಿಗೆ ಹೆದರಿದರು.

"ಸತ್ತ ಮ್ಯಾಲ ನೋವೆಲ್ಲಿ ಬರತೈತಿ?" ಎಂದರು ಮಾವನವರು.

"ನೀವು ಸತ್ತು ನೋಡಿ ಬಂದೀರೇನ್ರಿ?"

"ಪದ್ಧತಿ ಅಂತ ಒಂದು ಐತೋ ಇಲ್ಲೋ?"

"ಹಂಗಾರ ನೀವು ಕುಂತು ತೋರಸ್ರಿ ಮೊದಲ. ಪದ್ಧತಿ ಪ್ರಕಾರ!"

ಮಾವನವರು ಧೋತರ ಸರಿಮಾಡಿಕೊಂಡು, ತಮ್ಮ ಚೌಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಕಣ್ಣೂ ಮುಚ್ಚಿದರು. ನೋಡಲು ಭಾರಿ ಶೋಭೆಯಿತ್ತು. ಅತ್ತೆಯವರು ಹಿಂದಿನ ಚೌಕದಲ್ಲಿ ಗೋಡೆಗೆ ಕೈಕೊಟ್ಟು ಕೂತು, ಎಂದಿನಂತೆ ಕಾಲು ನೀಡಿದರು. ಎರಡೂ ಅಂಗಾಲು ಸುಣ್ಣದ ಗೆರೆ ದಾಟಿ ನೇರವಾಗಿ ಮಾವನವರ ಬೆನ್ನಿಗೆ ತಾಗಿದವು.

"ಏ! ಒದೀತೀಯೇನ?"

"ಒದ್ದಿಲ್ರಿ. ಜಾಗ ಇಲ್ಲ."

"ಹಿಂಗ ಸಾವಿರ ವರ್ಷ ಬೆನ್ನಿಗೆ ಕಾಲು ಹಚ್ಚಿ ಕುಂದ್ರಾಕೀನ ನೀ?"

"ನಾ ಏನ್ ಮಾಡ್ಲಿ, ನನ್ನ ಹಿಂದ ಕುಂದರಿಸಿದವರು ನೀವs!"

ಮಾವನವರು ಸಿಟ್ಟಿನಿಂದ ಏಳಹೋದರು. ಆಗಲಿಲ್ಲ. ಕಾಲು ಜೋಮು ಹಿಡಿದಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ನನ್ನ ಗಂಡ ರಟ್ಟೆ ಹಿಡಿದು ಎತ್ತಿದರೂ ಅವರ ಕಾಲು ಚಕ್ಕಳಮಕ್ಕಳದಲ್ಲೇ ಇತ್ತು. ಗಣಪತಿಯನ್ನು ಎತ್ತಿದ ಹಾಗೆ ಎತ್ತಿ ಕಟ್ಟೆಯ ಮೇಲಿಟ್ಟೆವು. ಅತ್ತೆಯವರು ಕುಂಟುತ್ತ ಬಂದು ಎಣ್ಣೆ ತಿಕ್ಕಿದರು.

ಕೊನೆಗೆ ಮಾವನವರು ಆಕಾಶ ನೋಡುತ್ತ ನನಗೆ ಹೇಳಿದರು: "ಆಕೀ ಗೂಡು ನನ್ನ ಮಗ್ಗಲಿಗೆ ತಗೋ. ಮುಂದ ಕಾಲಿಗೆ ಎರಡು ಫೂಟು ಬಿಡು."

"ನಿಮಗ್ರಿ?" ಎಂದೆ.

"ನಂಗ... ನಂಗೂ ಬಿಡು. ಎರಡೂ ಒಂದ ಸಮ ಕಾಣಬೇಕಲ್ಲ, ಛಂದಕ್ಕ."

ಹೊಸ ನಕ್ಷೆಯಲ್ಲಿ ಅಕ್ಕಪಕ್ಕ ಎರಡು ಚೌಕ, ಒಂದೊಂದರ ಮುಂದೆ ಒಂದು ಉದ್ದನೆಯ ಪಟ್ಟಿ. ಆ ಪಟ್ಟಿ ಯಾತಕ್ಕೆ ಎಂದು ಬರೆಯಲು ನನಗೆ ನಾಚಿಕೆಯಾಯಿತು, ಖಾಲಿ ಬಿಟ್ಟೆ. ಮಾವನವರು ಅದನ್ನು ಇಚಲಕರಂಜಿಯ ಒಬ್ಬ ಗೌಂಡಿಗೆ ಕೊಟ್ಟರು. ಅವನು ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಮಗ್ಗದ ಶೆಡ್ಡುಗಳೇ.

ಹದಿನೈದು ದಿನಕ್ಕೆ ಇಟ್ಟಂಗಿಯ ಕೆಲಸ ಮೊಣಕಾಲೆತ್ತರ ಬಂದಿದೆ ಎಂದು ಸುದ್ದಿ ಬಂತು. ಗಾಡಿಯಲ್ಲಿ ಹೋಗಿ ನೋಡಿದೆವು. ಚೌಕಗಳು ಸರಿಯಾಗಿದ್ದವು. ಮುಂದಿನ ಪಟ್ಟಿಗಳು ಮಾತ್ರ ಹೊರಗಡೆಗೆ ಇಳಿಜಾರಾಗಿದ್ದವು. ಸಿಮೆಂಟು ಬಳಿದು ನುಣ್ಣಗೆ ಮಾಡಿ, ತುದಿಯಲ್ಲಿ ಒಂದೊಂದು ತೂತು ಬಿಟ್ಟಿದ್ದ.

"ಇದೇನೋ?" ಎಂದರು ಮಾವನವರು.

"ಗಟಾರ್ರಿ ಸಾವಕಾರ್ರ. ನಕಾಶಾದಾಗ ಹಂಗs ಇತ್ತಲ್ರಿ? ಮಳಿ ನೀರು ನಿಂದರಬಾರದ್ರಿ, ಮಸ್ತ ಉತಾರ ಕೊಟ್ಟೇನಿ."

ಮಾವನವರ ಮೀಸೆ ನಡುಗಿತು. ಮನೆತನದ ಮಂಟಪದಲ್ಲಿ ಎರಡು ಗಟಾರ! ಅವರು ಒಡೆದು ಹಾಕು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯವರು ನನ್ನ ಹೆಗಲು ಹಿಡಿದು ಗೋಡೆ ದಾಟಿ ತಮ್ಮ ಗೂಡಿಗೆ ಇಳಿದಿದ್ದರು. ಕೂತರು. ಇಳಿಜಾರಿನ ಉದ್ದಕ್ಕೆ ಕಾಲು ನೀಡಿದರು. ಹಿಮ್ಮಡಿ ಆ ತೂತಿನ ಅಂಚಿಗೆ ಸರಿಯಾಗಿ ಹೋಗಿ ನಿಂತಿತು.

"ಇದನ್ನ ಯಾರೂ ಮುಟ್ಟಬ್ಯಾಡ್ರಿ," ಎಂದರು. "ಕಾಲು ಕೆಳಗ ಇಳದ್ರ ಮೊಣಕಾಲಿಗೆ ಎಷ್ಟ ಆರಾಮ ಅಂತೀನಿ! ನಡುವs ಎಬ್ಬಿಸಬ್ಯಾಡ್ರಿ ನನ್ನ, ಸ್ವಲ್ಪೊತ್ತು ಇರತೇನಿ."

ಗೌಂಡಿ ಮಾವನವರ ಮುಖ ನೋಡಿದ. ಮಾವನವರು ಬೇವಿನ ಮರ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಧೋತರ ಎತ್ತಿ ಹಿಡಿದು ಪಕ್ಕದ ಗೂಡಿಗೆ ಇಳಿದರು.