ಐದು ಜನರ ಒಂದೇ ಮಾತು

ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕ್ರೈಸ್ತರು. ಊಟದ ಡಬ್ಬಿ ತೆರೆಯುವ ಮುನ್ನ ಕಣ್ಣು ಮುಚ್ಚಿ ಕೂರುವ ಅವರನ್ನು ಕೆಣಕುವುದು ಇತಿಹಾಸ ಕಲಿಸುವ ನನಗೆ ಚಟವಾಗಿಬಿಟ್ಟಿತ್ತು.

“ಅಲ್ರೀ, ಏಸುವಿನ ಸಮಾಧಿ ಖಾಲಿಯಾಗಿದ್ದನ್ನ ನೋಡಿದ್ದು ಯಾರು? ಒಂದು ಸುವಾರ್ತೇಲಿ ಇಬ್ಬರು ಹೆಂಗಸ್ರು, ಇನ್ನೊಂದ್ರಲ್ಲಿ ಮೂವರು. ದೇವದೂತ ಒಂದ್ಕಡೆ ಒಬ್ಬ, ಇನ್ನೊಂದ್ಕಡೆ ಇಬ್ಬರು. ಬರೆದಿದ್ದೋ, ಎಷ್ಟೋ ವರ್ಷ ಆದ್ಮೇಲೆ. ಇಂಥ ಸಾಕ್ಷೀನ ಕೋರ್ಟಿನ ಮೆಟ್ಲೂ ಹತ್ತಿಸಲ್ಲ!”

ಆತ ಸಾವಧಾನವಾಗಿ ಚಪಾತಿ ಹರಿಯುತ್ತ, “ಎಲ್ಲರೂ ಅಕ್ಷರ ತಪ್ಪದೆ ಒಂದೇ ಥರ ಹೇಳಿದ್ರೆ ನಂಗೆ ಅನುಮಾನ ಬರ್ತಿತ್ತು ಮೇಡಂ” ಅಂದರು. ಜಾರಿಕೊಳ್ಳಲು ಎಂಥ ನೆಪ ಹುಡುಕುತ್ತಾನಪ್ಪ ಮಹಾನುಭಾವ ಎಂದು ಇಡೀ ಸ್ಟಾಫ್ ರೂಮಿಗೆ ಕೇಳುವಂತೆ ನಕ್ಕೆ.

ಅದಾದ ಭಾನುವಾರ ಸಂಪಿಗೆ ಊರಿನ ಹತ್ತಿರದ ಅಣ್ಣನ ತೆಂಗಿನ ತೋಟಕ್ಕೆ ಹೋಗಿದ್ದೆ. ಜಿಟಿಜಿಟಿ ಮಳೆ ಆಗಷ್ಟೇ ನಿಂತಿತ್ತು. ಕಾಯಿ ಕೀಳಲು ಬಂದಿದ್ದವನು ಮರ ಮುಟ್ಟಿ ನೋಡಿ, “ಬ್ಯಾಡ ಕಣಣ್ಣ, ಜಾರ್ತೈತೆ. ನಾಳೆ ಹತ್ತೀನಿ” ಅಂದ.

“ಹತ್ತಲಾ, ಮೈಗಳ್ಳ! ಇಲ್ದಿದ್ರೆ ಇನ್ಮೇಲೆ ಈ ಕಡೆ ತಲೆ ಹಾಕ್ಬ್ಯಾಡ” ಎಂದು ಅಣ್ಣ ಗದರಿದ.

ಅವನು ಹತ್ತಿದ. ಮುಕ್ಕಾಲು ಮರದಿಂದ ಬಿದ್ದ. ಅಲ್ಲೇ ತೋಟದ ಮನೆಯ ಜಗಲಿಯಲ್ಲಿ ಕೊಬ್ಬರಿ ಚಿಪ್ಪು ಬಿಡಿಸುತ್ತಿದ್ದ ಅವನ ಹೆಂಡತಿ ಓಡಿಬರುವಷ್ಟರಲ್ಲಿ ಉಸಿರಿರಲಿಲ್ಲ.

ಪೊಲೀಸರು ಬರುವ ಮೊದಲೇ ಅಣ್ಣ ನಮ್ಮನ್ನೆಲ್ಲ ನಡುಮನೆಗೆ ಕರೆದು ಪಾಠ ಹೇಳಿಕೊಟ್ಟ. “ಮರ ಜಾರುತ್ತೆ, ಬೇಡ ಅಂದ್ವಿ. ಕೇಳದೆ ಹಟಕ್ಕೆ ಬಿದ್ದು ಹತ್ತಿದ.” ಅಣ್ಣ, ಅತ್ತಿಗೆ, ಟ್ರ್ಯಾಕ್ಟರ್ ಡ್ರೈವರ್ ಮೂವರೂ ಪೊಲೀಸರಿಗೆ ಅದನ್ನೇ ಒಪ್ಪಿಸಿದರು. ಉಸಿರಿಗೊಮ್ಮೆ ಶಿವಶಿವ ಅನ್ನುವ ಪಕ್ಕದ ತೋಟದ ಯಜಮಾನರೂ ಗಿಣಿಯ ಹಾಗೆ ಒಪ್ಪಿಸಿದರು. ಎಂಥ ಭಕ್ತರು, ಎಂಥ ಹಣೆತುಂಬ ವಿಭೂತಿ! ಐದನೆಯವಳು ನಾನು. ಮೂವತ್ತು ವರ್ಷ ಮಕ್ಕಳಿಗೆ ಸಾಕ್ಷ್ಯಾಧಾರದ ಬಗ್ಗೆ ಕೊರೆದವಳು ಒಂದಕ್ಷರವೂ ತಪ್ಪಿಸಲಿಲ್ಲ. ಸಹಿ ಮಾತ್ರ ಇಂಗ್ಲಿಷಿನಲ್ಲಿ ಹಾಕಿದೆ.

ಬೇಡ ಅಂದವನನ್ನು ಗದರಿಸಿ ಹತ್ತಿಸಿದರು ಎಂದು ಬೇರೆ ಹೇಳಿದ್ದು ಸತ್ತವನ ಹೆಂಡತಿ ಒಬ್ಬಳೇ. ಅವನು ಬಿದ್ದದ್ದು ಊಟಕ್ಕೆ ಮೊದಲು ಅಂದಳು, ಆಮೇಲೆ ಊಟವಾದ ಮೇಲೆ ಅಂದಳು. “ನೋಡಿದ್ರಾ, ಒಂದು ಮಾತ್ಮೇಲೆ ನಿಲ್ಲಲ್ಲ ಇವ್ಳು” ಎಂದು ಅಣ್ಣ ಎಲ್ಲರ ಮುಂದೆ ಆಡಿಕೊಂಡ. ಅವಳ ಮಾತು ಅಲ್ಲಿಗೇ ಬಿದ್ದುಹೋಯಿತು.

ತಿಂಗಳಾದ ಮೇಲೆ ತಿಪಟೂರಿನ ನನ್ನ ಮನೆ ಬಾಗಿಲಿಗೆ ಬಂದು ನಿಂತಳು.

“ದುಡ್ಡು ಕೇಳಕ್ಕೆ ಬಂದಿಲ್ಲ ಕಣಕ್ಕ. ಅಪ್ಪ ನಮ್ನ ನೆನೀದೆ ಹಟಕ್ಕೆ ಸತ್ತ ಅಂತ ನನ್ ಮಕ್ಳು ಅವನ ಫೋಟೋನೂ ಮುಟ್ಟಕ್ಕಿಲ್ಲ. ಅವ್ನು ಬ್ಯಾಡ ಅಂದಿದ್ದ ಅಂತ ನೀವೊಂದು ಮಾತು ಹೇಳಿ. ಓದ್ದೋರು, ನೀವೇಳಿದ್ರೆ ನಂಬ್ತವೆ.”

ನನ್ನ ನಾಲಿಗೆಗೆ ಆಗಲೂ ಕೊಬ್ಬೇ. “ಅಲ್ಲಮ್ಮ, ನೀನೇ ಒಂದ್ಸಲ ಊಟಕ್ಕೆ ಮುಂಚೆ ಅಂದೆ, ಒಂದ್ಸಲ ಆಮೇಲೆ ಅಂದೆ...”

“ಹೊತ್ತು ಮರ್ತೋಯ್ತು ಕಣಕ್ಕ. ಅವ್ನು ಬ್ಯಾಡ ಅಂದಿದ್ದು ಮರ್ತಿಲ್ಲ. ನೀವು ಮರ್ತ್ರಾ?”

ಕ್ಲಾಸಿಗೆ ಹೊತ್ತಾಯಿತು ಎಂದು ಹೇಳಿ ಬಾಗಿಲು ಹಾಕಿಕೊಂಡೆ. ಅವತ್ತು ಕಾಲೇಜಿಗೆ ರಜೆ ಇತ್ತು. ಆ ಮಕ್ಕಳನ್ನು ನಾನು ಈವರೆಗೂ ನೋಡಲು ಹೋಗಿಲ್ಲ. ಅಣ್ಣ ಕಳಿಸುವ ಕೊಬ್ಬರಿ ಮಾತ್ರ ತಿಂಗಳು ತಿಂಗಳು ಬರುತ್ತದೆ, ಅದನ್ನು ತುರಿದು ಹೋಳಿಗೆ ಮಾಡಿಕೊಂಡು ತಿನ್ನುತ್ತೇನೆ. ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.